ಬಟ್ಟಲು ಬರಿದಾಗಿ ಮರಳದಿರಲಿ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಗಡಿನಾಡಿನ ಕನ್ನಡ ಸಂಘದಲ್ಲಿ ಭಾಷಣಕ್ಕೆ ನಿಂತವರು ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನಿಂದ ಮಾತನ್ನು ಪ್ರಾರಂಭಿಸುವುದು ವಾಡಿಕೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಕನ್ನಡನಾಡಿನ ಎಲ್ಲೆಯನ್ನು ಹಾಗೆ ಹೇಳಿರುವುದರಿಂದ, ಗೋದಾವರಿಯ ಕಡೆಯ ಅಂಚಿನಲ್ಲಿ ಬಾಳುವ ನಮಗೆ ಅದನ್ನು ನೆನೆಯುವ ಹಕ್ಕು ಇತರರಿಗಿಂತ ಒಂದು ಗುಂಜಿ ಹೆಚ್ಚೇ ಉಂಟು. ಆದರೆ ಆ ಮಾತನ್ನು ಈ ವೇದಿಕೆಯ ಮೇಲೆ ನಮಗಿಂತ ಚೆನ್ನಾಗಿ ಹಲವರು ಆಡಿದ್ದಾರೆ. ಆದುದರಿಂದ ಇಂದು ನಾವು ನದಿಗಳನ್ನು ಬಿಟ್ಟು ಒಲೆಯಿಂದ ಪ್ರಾರಂಭಿಸಬೇಕೆಂದಿದ್ದೇವೆ.

ಅಡಿಗೆಯ ವಿಷಯವನ್ನು ಗಂಡಸೊಬ್ಬನು, ಅದರಲ್ಲಿಯೂ ವ್ಯಾಕರಣ ಛಂದಸ್ಸುಗಳಲ್ಲಿ ಕಾಲ ಕಳೆದ ಶಾಲಾ ಮಾಸ್ತರನು, ತಾಯಂದಿರ ಎದುರಿನಲ್ಲಿ ಆಡುವುದು ಧಾರ್ಷ್ಟ್ಯವೇ ಸರಿ. ವಿದ್ವತ್ ಪರೀಕ್ಷೆಯಲ್ಲಿ ಈ ವಿಷಯಕ್ಕೆ ಪ್ರಶ್ನಪತ್ರಿಕೆ ಇರಲಿಲ್ಲ. ಇದ್ದಿದ್ದರೆ ನಾವು ಉತ್ತೀರ್ಣರಾಗುತ್ತಿರಲಿಲ್ಲ. ನಮಗೆ ತಿಳಿದಿರುವುದು ನಮ್ಮ ತಾಯಿಯವರ ಒಲೆಯ ಮುಂದೆ ಕುಳಿತು ನೋಡಿದ್ದು, ನಮ್ಮ ಮನೆಯವರು ತಿದ್ದಿ ಹೇಳಿದ್ದು, ವಿದ್ಯಾರ್ಥಿಗಳ ಮನೆಗಳಿಗೆ ಹೋದಾಗ ಉಂಡು ಅರಿತದ್ದು, ಇಷ್ಟೇ. ತಪ್ಪಿದ್ದಲ್ಲಿ ಸಭೆ ಮುಗಿದ ಮೇಲೆ ತಿದ್ದಬೇಕಾಗಿ ವಿನಂತಿ.

ಮೊದಲು ನಮ್ಮ ಊರುಗಳ ಸ್ಥಿತಿಯನ್ನು ಎರಡು ಮಾತಿನಲ್ಲಿ ನೆನೆಯೋಣ. ೧೯೫೬ರ ನವೆಂಬರ್ ೧ರಂದು ಹೈದರಾಬಾದ್ ರಾಜ್ಯವು ಮೂರು ಪಾಲಾಯಿತು. ನಮ್ಮ ಉಸ್ಮಾನಾಬಾದ್ ಜಿಲ್ಲೆಯು ಮುಂಬಯಿ ರಾಜ್ಯಕ್ಕೆ ಸೇರಿತು. ಅದುವರೆಗೆ ಬೀದರ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳೂ ಇತ್ತ ಬಂದುವು. ೧೯೬೦ರ ಮೇ ೧ರಂದು ಮಹಾರಾಷ್ಟ್ರವಾಯಿತು. ೧೯೮೨ರ ಆಗಸ್ಟ್ ೧೫ರಂದು ಲಾತೂರು ಬೇರೆ ಜಿಲ್ಲೆಯಾಯಿತು. ಈಗ ಉಸ್ಮಾನಾಬಾದಿಗೆ ಧಾರಾಶಿವವೆಂಬ ಹೆಸರು ಬಂದಿದೆ. ಒಂದೇ ಮನೆಯಲ್ಲಿ, ಒಂದೇ ಹಂಚಿನ ಮುಂದೆ ಕುಳಿತು ಬಾಳಿದ ಮುದುಕಿಯೊಬ್ಬಳ ವಿಳಾಸವು ಇಷ್ಟು ಸಾರಿ ಬದಲಾಯಿತು. ಅವಳು ಬಡಿದ ರೊಟ್ಟಿ ಮಾತ್ರ ಬದಲಾಗಲಿಲ್ಲ. ಗೆರೆಗಳನ್ನು ಕಚೇರಿಯಲ್ಲಿ ಎಳೆದರು; ಅವು ಅಡಿಗೆಮನೆಯ ಹೊಸ್ತಿಲವರೆಗೆ ಬಂದು ನಿಂತುವು.

ಹೊಸ್ತಿಲ ಒಳಗೆ ನೋಡಿದರೆ ಎರಡು ಭಾಷೆಗಳು ಜಗಳವಾಡದೆ ಒಂದೇ ಬುಟ್ಟಿಯಲ್ಲಿ ಕುಳಿತಿರುವುದು ಕಾಣುತ್ತದೆ. ನಮಗೆ ರೊಟ್ಟಿಯಾದುದು ನೆರೆಯವರಿಗೆ ಭಾಕರಿ. ನಮಗೆ ಪುಂಡಿಯಾದುದು ಅವರಿಗೆ ಅಂಬಾಡಿ. ನಮ್ಮ ತುಪ್ಪವೇ ಅವರ 'ತೂಪ'ವಾಗಿದೆಯೆಂದು ಭಾಷಾಜ್ಞರು ಹೇಳುತ್ತಾರೆ. ಮಾರ್ಗಶಿರ ಮಾಸದ ಅಮಾವಾಸ್ಯೆಯಂದು ಲಾತೂರು, ಧಾರಾಶಿವ ಜಿಲ್ಲೆಗಳ ಒಕ್ಕಲಿಗರೆಲ್ಲ, ಮನೆಯ ಮಾತು ಯಾವುದೇ ಇರಲಿ, ಹೊಲಕ್ಕೆ ಹೋಗಿ ಉಣ್ಣುವ ಹಬ್ಬವನ್ನು ಮರಾಠಿಯವರು 'ಯೇಳವಸ'ವೆನ್ನುತ್ತಾರೆ. ಅದು ನಮ್ಮ ಎಳ್ಳಮಾವಾಸ್ಯೆಯೇ ಎಂಬುದನ್ನು ಈ ಸಭೆಗೆ ಬಿಡಿಸಿ ಹೇಳಬೇಕಾದುದಿಲ್ಲ. ಅನ್ನದ ಜೊತೆಗೆ ಮಾತೂ ಗೋಡೆ ದಾಟುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇನ್ನು ಮಿತವ್ಯಯವೆಂದರೇನು ಎಂಬುದನ್ನು ವಿಚಾರಿಸೋಣ. ದುಂದುಗಾರಿಕೆ ಒಂದು ದೋಷ. ಕೃಪಣತೆ ಇನ್ನೊಂದು ದೋಷ. ಇವೆರಡರ ನಡುವೆ ಮಿತವ್ಯಯವಿದೆಯೆಂದು ಪಾಠ ಹೇಳುವಾಗ ನಾವೂ ಹೇಳುತ್ತೇವೆ. ಆದರೆ ನಡುವೆ ಇರುವುದೆಂದರೆ ಎರಡರಿಂದಲೂ ಅರ್ಧರ್ಧ ಬೆರೆತಿರುವುದೆಂದು ಅರ್ಥವಲ್ಲ. ಕೃಪಣನು ಬಾಗಿಲು ಮುಚ್ಚಿ ಉಳಿಸುತ್ತಾನೆ. ಹಾಗೆ ಉಳಿಸಿದ್ದು ಬಹುಮಟ್ಟಿಗೆ ಹುಳ ತಿನ್ನುತ್ತದೆ. ಮಿತವ್ಯಯಿಯು ಬಾಗಿಲು ತೆರೆದು ಉಳಿಸುತ್ತಾನೆ. ಹಂಚಿ ಉಣ್ಣುವುದು ಮಿತವ್ಯಯಕ್ಕೆ ವಿರೋಧವಲ್ಲ, ಅದರ ದೊಡ್ಡ ಪಾಲೇ ಅದು ಎಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ದೂರ ಹೋಗಬೇಕಾಗಿಲ್ಲ. ಉಮರ್ಗಾ ದಾಟಿ ಗಡಿ ಕಳೆದರೆ ಬಸವಕಲ್ಯಾಣ. ಆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ೧೦೨೫ರ ಸುಮಾರಿಗೆ, ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ 'ಲೋಕೋಪಕಾರ'ವನ್ನು ಬರೆದು ಅದರಲ್ಲಿ ಅಡಿಗೆಗೂ ಸ್ಥಾನ ಕೊಟ್ಟನು. ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಮೂರನೆಯ ಸೋಮೇಶ್ವರನು ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಅರಸರ ಅನ್ನಭೋಗವನ್ನು ವರ್ಣಿಸಿದನು. ಇಂದಿನ ಇಡ್ಡಲಿ, ದೋಸೆ, ವಡೆಗಳ ಪೂರ್ವಜರಾದ ಇಡ್ಡರಿಕಾ, ಧೋಸಕ, ವಟಕಗಳು ಅಲ್ಲಿವೆ. ಅದೇ ಕಲ್ಯಾಣದಲ್ಲಿ ಕೆಲವೇ ದಶಕಗಳ ತರುವಾಯ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ದಂಪತಿಗಳು ಬಾಳಿದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಬೇಯಿಸಿ, ಬಂದವರಿಗೆ ನೀಡಿ ಉಣ್ಣುವುದು ಅವರ ಕಾಯಕ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನೆಂದೂ, ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬರುವಂತೆ ಲಕ್ಕಮ್ಮನು ಹೇಳಿ ಕಳುಹಿದಳೆಂದೂ ಶರಣರ ಕಥೆ ಹೇಳುತ್ತದೆ. ಆ ತಾಯಿ ಆಯ್ದ ಅಕ್ಕಿಯನ್ನೇ ಹಂಚಿದಳಲ್ಲದೆ, ಹಂಚುವುದಕ್ಕಾಗಿ ಹೆಚ್ಚು ಸಂಗ್ರಹಿಸಲಿಲ್ಲ. ಇದ್ದುದರಲ್ಲಿ ಹಂಚುವುದು ಬೇರೆ. ಹಂಚಿದೆವೆನ್ನಿಸಿಕೊಳ್ಳಲು ಕೂಡಿಹಾಕುವುದು ಬೇರೆ. ಈ ಭೇದವನ್ನು ದಯವಿಟ್ಟು ನೆನಪಿನಲ್ಲಿಡಿ; ಮುಂದೆ ನಮ್ಮ ಮನೆಯ ಒಂದು ತಪ್ಪನ್ನು ಹೇಳುವಾಗ ಬೇಕಾಗುತ್ತದೆ.

ನಮ್ಮ ಭಾಗದ ಅಡಿಗೆಯನ್ನು ಗಮನಿಸಿದರೆ ಅದರಲ್ಲಿ ಚೆಲ್ಲುವ ವಸ್ತುವೇ ಇಲ್ಲವೆಂಬುದು ತಿಳಿಯುತ್ತದೆ. ಜೋಳವನ್ನೇ ತೆಗೆದುಕೊಳ್ಳಿ. ಗೋಧಿಯಲ್ಲಿರುವ ಜಿಗುಟಿನ ಅಂಶ ಜೋಳದಲ್ಲಿಲ್ಲ. ಆದುದರಿಂದಲೇ ತಾಯಂದಿರು ಹಿಟ್ಟಿನ ನಡುವೆ ಕುಣಿ ಮಾಡಿ ಕುದಿಯುವ ಎಸರನ್ನು ಹೊಯ್ಯುತ್ತಾರೆ. ಆ ಬಿಸಿಗೆ ಹಿಟ್ಟಿನ ಪಿಷ್ಟವು ಅರೆಬೆಂದು ಅಂಟಾಗುತ್ತದೆ. ಆಮೇಲೆ ನಾದಿ ಬಡಿದರೆ ಅಂಚು ಸೀಳದ ರೊಟ್ಟಿ ಬರುತ್ತದೆ. ಹಿಟ್ಟು ಹಳೆಯದಾದರೆ ಎಷ್ಟು ನಾದಿದರೂ ರೊಟ್ಟಿ ಬಿರಿಯುತ್ತದೆ. ಆದುದರಿಂದ ವಾರಕ್ಕೆ ಬೇಕಾದಷ್ಟನ್ನೇ ಬೀಸಿಸುವುದು ರೂಢಿ. ಅದೇ ಒಂದು ಮಿತವ್ಯಯದ ಪಾಠ. ಜೋಳವನ್ನು ಒಡೆಸಿದಾಗ ಬರುವ ನುಚ್ಚು ಮಜ್ಜಿಗೆಯೊಡನೆ ಬೇಸಗೆಯ ಊಟವಾಗುತ್ತದೆ. ಉಳಿದ ಬಿಸಿರೊಟ್ಟಿಯನ್ನು ಬೆಳ್ಳುಳ್ಳಿ, ಹಸಿಮೆಣಸು, ಉಪ್ಪು, ಎಣ್ಣೆಗಳೊಡನೆ ಕುಟ್ಟಿದರೆ ಮುಟಿಗೆ. ತೆಳ್ಳಗೆ ಬಡಿದು ಒಣಗಿಸಿದರೆ ಕಡಕ್ ರೊಟ್ಟಿ. ಒಂದು ದಿನದ ಉರುವಲಿನಲ್ಲಿ ಹಲವು ದಿನಗಳ ಊಟ, ಹೊತ್ತಲ್ಲದ ಹೊತ್ತಿನಲ್ಲಿ ಬಂದ ಅತಿಥಿಗೂ ಸಂಕೋಚವಿಲ್ಲ. ತೊಗರಿಯ ರಾಶಿಯಾದ ಮೇಲೆ ಅದರ ಕಟ್ಟಿಗೆಯೇ ಒಲೆಗೆ. ಕಾಳು ಕೊಟ್ಟ ಗಿಡವೇ ಕಾಳನ್ನು ಬೇಯಿಸುವುದು.

ಪಲ್ಲೆಯ ವಿಷಯವೂ ಹಾಗೆಯೇ. ಹತ್ತರಕಿ, ಗೋಳಿ, ರಾಜಗಿರಿ, ಕಡಲೆಯ ಚಿಗುರು, ಇವು ಹೊಲ ಕೊಟ್ಟವು, ಅಂಗಡಿಯವಲ್ಲ. ಕಡಲೆಯ ಸೊಪ್ಪನ್ನು ಒಣಗಿಸಿ ಡಬ್ಬಿಯಲ್ಲಿಟ್ಟರೆ ಬೇಸಗೆಯಲ್ಲಿ ಒದಗುತ್ತದೆ. ಪುಂಡಿಯ ಸೊಪ್ಪಿಗೆ ಒಂದು ಹಿಡಿ ಜೋಳದ ನುಚ್ಚು, ಒಂದು ಹಿಡಿ ತೊಗರಿಬೇಳೆ ಹಾಕಿ ಬೇಯಿಸಿ ಕಡೆದು ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ, ಅದರ ಹುಳಿಯೇ ಅದನ್ನು ಮರುದಿನದವರೆಗೆ ಕಾಪಾಡುತ್ತದೆ. ಏನೂ ಇಲ್ಲದ ದಿನ ಕಡಲೆಹಿಟ್ಟಿನ ಝುಣಕವಿದೆ. ಹಬ್ಬದ ಹೋಳಿಗೆಯಲ್ಲಿಯೂ ನಮ್ಮವರ ಲೆಕ್ಕ ತಪ್ಪುವುದಿಲ್ಲ. ಹೂರಣಕ್ಕೆಂದು ಕಡಲೆಬೇಳೆಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿಯುತ್ತಾರೆ. ಬಸಿದ ಕಟ್ಟಿಗೆ ಹುಣಸೆ, ಒಣಕೊಬ್ಬರಿ, ಮಸಾಲೆ, ಒಂದು ಉಂಡೆ ಹೂರಣ ಸೇರಿದರೆ ಕಟ್ಟಿನ ಸಾರು. ಬೇಳೆ ಸಿಹಿಯಾಯಿತು, ಬೇಳೆಯ ನೀರು ಖಾರವಾಯಿತು. ಆ ಸಾರು ಮರುದಿನವೇ ಹೆಚ್ಚು ರುಚಿ ಎಂಬುದು ನಿಮಗೆಲ್ಲ ಗೊತ್ತು. ಮರುದಿನವೇ ಅದು ನಾಲ್ಕು ಮನೆಗಳಿಗೆ ಬಟ್ಟಲಿನಲ್ಲಿ ಹೋಗುತ್ತದೆ.

ಇಲ್ಲಿಗೆ ನಾವು ಬಟ್ಟಲಿನ ಮಾತಿಗೆ ಬಂದೆವು. ೧೬ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ 'ಸೂಪಶಾಸ್ತ್ರ'ವನ್ನು ಪದ್ಯರೂಪದಲ್ಲಿ ಬರೆದನು. ಬಟ್ಟಲಿನ ಶಾಸ್ತ್ರವನ್ನು ಮಾತ್ರ ನಮಗೆ ಕಲಿಸಿದವರು ಪುಸ್ತಕದವರಲ್ಲ, ಓಣಿಯ ತಾಯಂದಿರು. ಅದರ ಸೂತ್ರಗಳು ಹೀಗಿವೆ. ಕೈಗಡವಾಗಿ ತಂದ ಹಿಟ್ಟನ್ನು ಮಟ್ಟಸವಾಗಿ ತಂದಿದ್ದರೆ ಗೋಪುರವಾಗಿ ಹಿಂದಿರುಗಿಸಬೇಕು. ಹೆಪ್ಪಿಗೆಂದು ಮೊಸರು ಕೇಳಿದವರಿಗೆ ಇಲ್ಲವೆನ್ನಬಾರದು. ನೆರೆಮನೆಯಿಂದ ಪಲ್ಲೆ ಬಂದ ಬಟ್ಟಲನ್ನು ತೊಳೆದು ಬರಿದಾಗಿ ಕಳುಹಬಾರದು. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಬೇಕು. ಬೇಸಗೆಯಲ್ಲಿ, ಮೃಗಶಿರ ಮಳೆ ಬರುವುದರೊಳಗೆ, ಶ್ಯಾವಿಗೆ ಸಂಡಿಗೆಗಳಿಗೆ ಇಂದು ನಿಮ್ಮ ಮಾಳಿಗೆ, ನಾಳೆ ನಮ್ಮ ಮಾಳಿಗೆ. ಇದಕ್ಕೆ ಕೂಲಿಯಿಲ್ಲ, ಮುಯ್ಯಿ ಮಾತ್ರ. ಮುಯ್ಯಿ ಎಂಬ ಈ ನಮ್ಮ ಮಾತನ್ನು ಸಾಲವೆಂದು ತಿಳಿಯಬಾರದು. ಸಾಲ ತೀರಿದರೆ ಸಂಬಂಧ ಮುಗಿಯಿತು. ಮುಯ್ಯಿಯಲ್ಲಿ ಎಂದಿಗೂ ಯಾರೋ ಒಬ್ಬರು ಸ್ವಲ್ಪ ಋಣಿಗಳಾಗಿಯೇ ಇರುತ್ತಾರೆ. ಆ ಸ್ವಲ್ಪವೇ ನಂಟನ್ನು ಬೆಸೆದಿಡುವುದು.

ಈ ಸೂತ್ರಗಳ ಬೆಲೆ ಸುಭಿಕ್ಷದಲ್ಲಿ ತಿಳಿಯುವುದಿಲ್ಲ. ೧೯೭೨-೭೩ರ ಬರವನ್ನು ಕಂಡ ಹಿರಿಯರು ಈ ಸಭೆಯಲ್ಲಿದ್ದಾರೆ. ಹೊರದೇಶದಿಂದ ಬಂದ ಮಿಲೋ ಎಂಬ ಕೆಂಪು ಜೋಳವನ್ನು ಅಂದು ಹಂಚಿದರು. ಬರಗಾಲದ ಕಾಮಗಾರಿಗಳಲ್ಲಿ ಕಲ್ಲು ಒಡೆದವರಿಗೆ ಸುಕಡಿಯನ್ನು ಕೊಟ್ಟರು. ಮಿಲೋದ ಹಿಟ್ಟು ಕೈಗೆ ಹತ್ತುತ್ತಿರಲಿಲ್ಲವೆಂದು ನಮ್ಮ ತಾಯಿಯವರು ಹೇಳುತ್ತಿದ್ದರು. ಮನೆಯಲ್ಲಿ ಎರಡು ಹಿಡಿ ಬಿಳಿಜೋಳದ ಹಿಟ್ಟು ಉಳಿದಿದ್ದವರು ಒಂದು ಹಿಡಿಯನ್ನು ಇಲ್ಲದವರಿಗೆ ಕೊಡುತ್ತಿದ್ದರಂತೆ. ಅದನ್ನು ಬೆರೆಸಿದರೆ ಎರಡೂ ಮನೆಗಳಲ್ಲಿ ರೊಟ್ಟಿಯೆನ್ನಬಹುದಾದುದು ಬರುತ್ತಿತ್ತು. ಬೆರೆಸದಿದ್ದರೆ ಒಂದು ಮನೆಯಲ್ಲಿ ಒಳ್ಳೆಯ ರೊಟ್ಟಿ ಎರಡು ದಿನ ಮಾತ್ರ.

ಇನ್ನೊಂದನ್ನು ನಾವೇ ಕಂಡಿದ್ದೇವೆ. ೧೯೯೩ರ ಸೆಪ್ಟೆಂಬರ್ ೩೦, ಗಣೇಶ ವಿಸರ್ಜನೆಯ ಮರುದಿನ, ಬೆಳಗಿನ ನಾಲ್ಕು ಗಂಟೆಗೆ ಕೆಲವೇ ನಿಮಿಷಗಳಿದ್ದಾಗ ಭೂಮಿ ನಡುಗಿತು. ಕಿಲ್ಲಾರಿ, ನಮ್ಮ ಸಾಸ್ತೂರು ಮೊದಲಾದ ಊರುಗಳಲ್ಲಿ ಸುಮಾರು ಎಂಟು ಸಾವಿರ ಜನರು ತೀರಿಕೊಂಡರು. ಬಿಸಿಲನ್ನು ತಡೆಯಲೆಂದು ಹಿರಿಯರು ಕಟ್ಟಿದ ದಪ್ಪ ಕಲ್ಲುಗೋಡೆಗಳೂ ಮಣ್ಣಿನ ಮಾಳಿಗೆಗಳೂ ಮಲಗಿದವರ ಮೇಲೆಯೇ ಕುಸಿದುವು. ಆ ದುಃಖವನ್ನು ಇಲ್ಲಿ ವರ್ಣಿಸಲಾರೆವು. ಈ ಸಭೆಯಲ್ಲಿ ಮನೆಯವರನ್ನು ಕಳೆದುಕೊಂಡವರು ಕುಳಿತಿದ್ದಾರೆ. ನಮಗೆ ಆಗ ಹದಿಮೂರು ವರ್ಷ. ನಾವಿದ್ದ ಊರಿನಲ್ಲಿ ಗೋಡೆಗಳು ಬಿರಿದವು, ದೈವದಯೆಯಿಂದ ಜೀವಗಳು ಉಳಿದವು. ಒಳಗೆ ಮಲಗಲು ಅಂಜಿ ಎಲ್ಲರೂ ಬಯಲಿನಲ್ಲಿ ಇದ್ದೆವು. ಎರಡನೆಯ ದಿನ ಓಣಿಯ ಹೆಂಗಸರು ಮೂರು ಕಲ್ಲು ಹೂಡಿದರು. ಪ್ರತಿಯೊಬ್ಬರೂ ತಮ್ಮ ಮನೆಯೊಳಗೆ ಒಮ್ಮೆ ಓಡಿ ಹೋಗಿ ಕೈಗೆ ಸಿಕ್ಕಿದ್ದನ್ನು ತಂದರು. ಒಬ್ಬರ ಕೈಗೆ ಹಿಟ್ಟಿನ ಡಬ್ಬಿ ಸಿಕ್ಕಿತು, ಒಬ್ಬರ ಕೈಗೆ ಬೇಳೆ. ನಮ್ಮ ತಾಯಿಯವರ ಕೈಗೆ ಸಿಕ್ಕಿದ್ದು ಉಪ್ಪಿನ ಗಡಿಗೆ ಮಾತ್ರ. ಅವರು ನಾಚಿ ನಿಂತಿದ್ದರು. ಮರಾಠಿ ಮನೆಮಾತಿನ ನೆರೆಯ ಮಾವಶಿಯವರು ಆ ಗಡಿಗೆಯನ್ನು ಇಸಿದುಕೊಂಡು, ಉಪ್ಪನ್ನು ಯಾರೂ ತಂದಿರಲಿಲ್ಲವೆಂದೂ ನಮ್ಮ ತಾಯಿಯವರು ತಂದದ್ದರಿಂದಲೇ ಉಳಿದದ್ದು ಊಟವಾಯಿತೆಂದೂ ಹೇಳಿದರು. ಅಂದು ಅವರು ಕೇಳಿದ್ದು ಮರಾಠಿಯಲ್ಲಿ, ಇವರು ಉತ್ತರ ಕೊಟ್ಟದ್ದು ಕನ್ನಡದಲ್ಲಿ, ಅನುವಾದ ಬೇಕಾಗಲಿಲ್ಲ.

ಆ ದಿನಗಳಲ್ಲಿ ಊರಿನ ಪಾತ್ರೆಗಳೆಲ್ಲ ಬೆರೆತು ಹೋದುವು. ನಮ್ಮ ಮನೆಯಲ್ಲಿ ಇಂದಿಗೂ ಒಂದು ಗಂಗಾಳವಿದೆ. ಅದರ ಅಂಚಿನಲ್ಲಿ ಕೊರೆದಿರುವ ಹೆಸರು ನಮ್ಮದಲ್ಲ, ಲಿಪಿಯೂ ನಮ್ಮದಲ್ಲ. ನಮ್ಮ ಹೆಸರಿನ ಗಂಗಾಳವೊಂದು ಇನ್ನಾವುದೋ ಮನೆಯಲ್ಲಿ ಇದ್ದೀತು. ಅದನ್ನು ಹುಡುಕಬೇಕೆಂದು ನಮಗೆ ಎಂದೂ ಅನ್ನಿಸಿಲ್ಲ.

ಭೂಕಂಪದ ತರುವಾಯ ಐವತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಹೊಸ ಜಾಗಗಳಲ್ಲಿ ಕಟ್ಟಿದರು. ಮನೆಗಳು ಗಟ್ಟಿಯಾದುವು, ರಸ್ತೆಗಳು ಅಗಲವಾದುವು. ಪ್ರಾಣರಕ್ಷಣೆಯ ದೃಷ್ಟಿಯಿಂದ ಅದು ಅವಶ್ಯವೇ ಆಗಿತ್ತು. ಆದರೆ ಹಳೆಯ ಓಣಿಯಲ್ಲಿ ಗೋಡೆಗೆ ಗೋಡೆ ತಾಗಿದ್ದುದರಿಂದ ಕೈ ಚಾಚಿದರೆ ಬಟ್ಟಲು ದಾಟುತ್ತಿತ್ತು. ಈಗ ಬಟ್ಟಲನ್ನು ಒಯ್ಯಲು ಸೆರಗು ಹೊದ್ದು, ಚಪ್ಪಲಿ ಮೆಟ್ಟಿ, ಗೇಟು ತೆರೆದು ಹೋಗಬೇಕು. ಭೂಕಂಪವಾಗದ ಊರುಗಳಲ್ಲಿಯೂ ಗೇಟುಗಳು ಬಂದಿವೆ. ಹೊಲದಲ್ಲಿ ಜೋಳವಿದ್ದಲ್ಲಿ ಸೋಯಾಬೀನು ಬಂದಿದೆ. ಜೋಳವನ್ನು ಒಕ್ಕಲಿಗನೂ ಕೊಂಡು ತಿನ್ನುವಂತಾಗಿದೆ. ವಿಶ್ವಸಂಸ್ಥೆಯು ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ನಗರದವರು ಜೋಳದ ರೊಟ್ಟಿಯನ್ನು ಹೊಗಳಿದರು. ಅದೇ ವರ್ಷ ನಮ್ಮ ಮಕ್ಕಳು ಅದನ್ನು ಡಬ್ಬಿಯಲ್ಲಿ ಒಯ್ಯಲು ನಾಚುತ್ತಿದ್ದರು.

ಈ ನಾಚಿಕೆಯ ಮಾತೇ ನಾವು ಮುಖ್ಯವಾಗಿ ಹೇಳಬೇಕೆಂದಿರುವುದು. ಎರಡು ಸಂಗತಿಗಳನ್ನು ಹೇಳಿ ಮುಗಿಸುತ್ತೇವೆ.

ಮೊದಲನೆಯದು ಶಾಲೆಯದು. ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಮಧ್ಯಾಹ್ನ ಎಲ್ಲರೊಡನೆ ಕುಳಿತು ಉಣ್ಣದೆ ಬೇವಿನ ಮರದ ಹಿಂದೆ ಹೋಗುತ್ತಿದ್ದನು. ಒಂದು ದಿನ ಹೋಗಿ ನೋಡಿದೆವು. ಡಬ್ಬಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ನಮ್ಮನ್ನು ಕಂಡು ಮುಚ್ಚಳ ಹಾಕಿದನು. ಉಪದೇಶ ಮಾಡಬೇಕೆಂದು ಬಾಯಿಗೆ ಬಂದ ಮಾತನ್ನು ನುಂಗಿ, ಪಕ್ಕದಲ್ಲಿ ಕುಳಿತು, "ಅರ್ಧ ರೊಟ್ಟಿ ಕೊಡ್ತೀಯೇನಪ್ಪಾ? ನಮ್ಮ ಡಬ್ಬಿಯಾಗ ಬರೇ ಚಪಾತಿ ಅದ" ಎಂದೆವು. ಅವನು ಅನುಮಾನದಿಂದ ಕೊಟ್ಟನು. ನಾವು ಚಪಾತಿ ಕೊಟ್ಟೆವು. ಮೂರನೆಯ ದಿನ ಇನ್ನಿಬ್ಬರು ಹುಡುಗರು ಬಂದು ಕುಳಿತರು. ಅದೇ ಹುಡುಗನು ಸಂತೆಯಲ್ಲಿ ತಾಯಿ ಕನ್ನಡದಲ್ಲಿ ಮಾತನಾಡಿಸಿದರೆ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದುದನ್ನು ನಾವು ಮೊದಲೇ ಗಮನಿಸಿದ್ದೆವು. ಮರಾಠಿ ನಮಗೆ ಪರಕೀಯವಲ್ಲ. ಅದನ್ನು ಚೆನ್ನಾಗಿ ಕಲಿಯಬೇಕೆಂದೇ ನಾವು ಮಕ್ಕಳಿಗೆ ಹೇಳುತ್ತೇವೆ. ಆದರೆ ಕಲಿತು ಆಡುವುದು ಬೇರೆ, ನಾಚಿ ಆಡುವುದು ಬೇರೆ. ಮನೆಯ ರೊಟ್ಟಿಗೆ ನಾಚುವ ಮಗನು ಮನೆಯ ಮಾತಿಗೂ ನಾಚುತ್ತಾನೆ. ಇವೆರಡೂ ಒಂದೇ ನಾಚಿಕೆ.

ಎರಡನೆಯದು ನಮ್ಮ ಮನೆಯ ತಪ್ಪು. ನಾವು ಸಾಲ ಮಾಡಿ ಹೊಸ ಮನೆ ಕಟ್ಟಿಸಿ ಹಳೆಯ ಓಣಿಯನ್ನು ಬಿಟ್ಟೆವು. ಹಳೆಯ ನೆರೆಯ ಆಯಿಯೊಬ್ಬರು ಮೊಮ್ಮಗನ ಕೈಯಲ್ಲಿ ಹಿತ್ತಾಳೆಯ ಬಟ್ಟಲಿನ ತುಂಬ ಪುಂಡಿಪಲ್ಲೆಯನ್ನು ಕಳುಹಿಸಿದರು. ಉಂಡು ಸಂತೋಷಪಟ್ಟೆವು. ಬಟ್ಟಲನ್ನು ಬರಿದಾಗಿ ಕಳುಹುವಂತಿಲ್ಲ. ಹೊಸ ಮನೆಯವರು ಏನಾದರೂ ಚೆನ್ನಾದುದನ್ನೇ ಕಳುಹಬೇಕೆಂದು ನಾವೂ ನಮ್ಮ ಮನೆಯವರೂ ಆಲೋಚಿಸಿದೆವು. ಆ ವಾರ ಬರೇ ಝುಣಕ, ಮುಂದಿನ ವಾರ ಬರೇ ಬೇಳೆಸಾರು. ಹಬ್ಬಕ್ಕೆ ಹೋಳಿಗೆಯೊಡನೆ ಕಳುಹೋಣವೆಂದು ಕಾದೆವು. ಹಬ್ಬಕ್ಕೆ ಊರಿಗೆ ಹೋದೆವು. ಹೀಗೆ ಆ ಬಟ್ಟಲು ನಮ್ಮ ಮಾಡದಲ್ಲಿ ಏಳು ತಿಂಗಳು ಕುಳಿತಿತು. ಆಯಿಯವರು ಮತ್ತೆ ಏನನ್ನೂ ಕಳುಹಲಿಲ್ಲ.

ಕೊನೆಗೆ ಒಂದು ರವಿವಾರ ನಾವೇ ಬಟ್ಟಲಿನಲ್ಲಿ ಬೇಸನ್ ಉಂಡೆಗಳನ್ನು ತುಂಬಿಕೊಂಡು ಹೋದೆವು. ಅವರು ಬಾಗಿಲಲ್ಲಿ ಕುಳಿತು ಪುಂಡಿಯನ್ನೇ ಸೋಸುತ್ತಿದ್ದರು. ಬಟ್ಟಲನ್ನು ನೋಡಿ, "ಅಯ್ಯ, ಇರಲಿ ಬಿಡ್ರಿ ಮಾಸ್ತರ್ರ. ನಮ್ಮ ಪಲ್ಲೆ ನಿಮ್ಮ ಹೊಸ ಮನಿಗಿ ಸೇರಲಿಲ್ಲೇನೋ ಅಂತ ನಾ ಸುಮ್ಮನಾದೆ" ಎಂದರು. ಸಿಟ್ಟಿನಿಂದ ಹೇಳಲಿಲ್ಲ, ಹಾಗೆ ಹೇಳಿದ್ದರೆ ಕ್ಷಮೆ ಕೇಳುವುದು ಸುಲಭವಾಗುತ್ತಿತ್ತು. "ತಪ್ಪಾಯ್ತು ಆಯಿ. ಚಲೋದು ಏನರೆ ಮಾಡಿ ತರಬೇಕಂತ ಕಾದಿದ್ದೆವು" ಎಂದೆವು. ಅದಕ್ಕೆ ಅವರು, "ಚಲೋದು ಮಾಡಿದ ದಿನ ಎಲ್ಲಾರೂ ಕೊಡ್ತಾರ್ರಿ. ಇದ್ದದ್ದು ಕೊಟ್ಟರ ಅದು ಬಳಗ" ಎಂದರು.

ಅಲಂಕಾರಶಾಸ್ತ್ರವನ್ನು ಇಪ್ಪತ್ತು ವರ್ಷ ಬೋಧಿಸಿದ ನಮಗೆ ಆ ದಿನ ಉತ್ತರ ಹೊಳೆಯಲಿಲ್ಲ. ಲಕ್ಕಮ್ಮನ ಕಥೆಯನ್ನು ಪ್ರತಿವರ್ಷ ಪಾಠ ಹೇಳುತ್ತಿದ್ದವರು ನಾವು. ಹಂಚುವುದಕ್ಕಾಗಿ ಹೆಚ್ಚಿನದನ್ನು ಕಾಯಬಾರದೆಂಬುದು ನಮ್ಮ ಪುಸ್ತಕದಲ್ಲಿತ್ತು, ಆ ಆಯಿಯವರ ಅಡಿಗೆಮನೆಯಲ್ಲಿತ್ತು. ನಮ್ಮ ಮನೆಯಲ್ಲಿ ಮಾತ್ರ ಇರಲಿಲ್ಲ. ನಮ್ಮನ್ನು ತಡೆದದ್ದು ಬಡತನವಲ್ಲ, ಪ್ರತಿಷ್ಠೆ. ಬೇವಿನ ಮರದ ಹಿಂದೆ ಅಡಗಿದ ಹುಡುಗನಿಗೂ ನಮಗೂ ಏನು ಭೇದ? ಅವನು ರೊಟ್ಟಿಯನ್ನು ಮುಚ್ಚಿಟ್ಟನು. ನಾವು ಝುಣಕವನ್ನು ಮುಚ್ಚಿಟ್ಟೆವು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ನಾಲ್ಕು ಮಿತ್ರ ಕುಟುಂಬಗಳು ರವಿವಾರ ರಾತ್ರಿ ಒಂದೆಡೆ ಸೇರಿ ಉಣ್ಣುತ್ತೇವೆ. ಎರಡು ಕನ್ನಡದ ಮನೆ, ಒಂದು ಮರಾಠಿಯ ಮನೆ, ಒಂದು ಉರ್ದುವಿನ ಮನೆ. ನಿಯಮಗಳು ಮೂರೇ. ಅದಕ್ಕಾಗಿ ಅಂಗಡಿಯಿಂದ ಏನನ್ನೂ ತರಬಾರದು. ಆ ದಿನ ಮನೆಯಲ್ಲಿ ಏನಾಗುವುದೋ ಅದನ್ನೇ ಸ್ವಲ್ಪ ಹೆಚ್ಚು ಮಾಡಿ ತರಬೇಕು. ಉಳಿದುದನ್ನು ಹಂಚಿಕೊಂಡು ಒಯ್ಯಬೇಕು. ಮೊದಲು ನಾಲ್ಕು ಮನೆಗಳಲ್ಲಿ ರೊಟ್ಟಿ, ಪಲ್ಲೆ, ಸಾರು, ಅನ್ನವೆಂದು ಹದಿನಾರು ಪಾತ್ರೆಗಳು ಒಲೆ ಏರುತ್ತಿದ್ದುವು; ಈಗ ಮನೆಗೊಂದರಂತೆ ನಾಲ್ಕೇ ಏರುತ್ತವೆ. ಅನಿಲವೂ ಉಳಿಯಿತು, ನೀರೂ ಉಳಿಯಿತು. ೨೦೧೬ರ ಬೇಸಗೆಯಲ್ಲಿ ಮೀರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂದುದನ್ನು ಕಂಡ ನಾವು ತೊಳೆಯುವ ಪಾತ್ರೆಗಳನ್ನು ಎಣಿಸಲೇಬೇಕಲ್ಲವೆ? ಲೆಕ್ಕಕ್ಕೆ ಸಿಗದ ಲಾಭವೆಂದರೆ, ನಮ್ಮ ಮರಾಠಿ ಮಿತ್ರರ ಚಿಕ್ಕ ಮಗಳು ಈಗ 'ಪುಂಡಿಪಲ್ಲೆ' ಎಂದೇ ಕೇಳುತ್ತಾಳೆ. ನಮ್ಮ ಮಗನು ಅವರ ಮನೆಯ ಅಜ್ಜಿಯ ಕಥೆಗಳನ್ನು ಒಳ್ಳೆಯ ಮರಾಠಿಯಲ್ಲಿ ಹೇಳುತ್ತಾನೆ. ಇಬ್ಬರಿಗೂ ನಾಚಿಕೆಯಿಲ್ಲ.

ಆದುದರಿಂದ ಸಂಘದ ಕುಟುಂಬಗಳಿಗೆ ನಮ್ಮ ವಿನಂತಿ ದೊಡ್ಡದೇನೂ ಅಲ್ಲ. ಬರುವ ಎಳ್ಳಮಾವಾಸ್ಯೆಗೆ ನಿಮ್ಮ ಹೊಲದಲ್ಲಿ ಜೋಳದ ದಂಟಿನ ಕೊಂಪೆ ಕಟ್ಟಿ ಪಾಂಡವರನ್ನು ಪೂಜಿಸಿ ಚರಗ ಚೆಲ್ಲುವಾಗ, ಹೊಲವಿಲ್ಲದ ಒಂದು ಮನೆಯವರನ್ನು ಕರೆಯಿರಿ. ಬಜ್ಜಿ, ಅಂಬಲಿ, ಸಜ್ಜೆಯ ರೊಟ್ಟಿ, ಉಂಡೆ, ಎಲ್ಲವೂ ಹೊಲ ಕೊಟ್ಟದ್ದೇ, ಹೆಚ್ಚಿನ ಖರ್ಚಿಲ್ಲ. ಮಕ್ಕಳ ಡಬ್ಬಿಗೆ ರೊಟ್ಟಿಯನ್ನು ಹಾಕುವಾಗ ಒಂದನ್ನು ಹೆಚ್ಚಿಗೆ ಹಾಕಿ, ಅದು ಗೆಳೆಯನಿಗೆಂದು ಹೇಳಿರಿ. ಕೊಡುವ ಕೈಗೆ ನಾಚಿಕೆ ಬರುವುದಿಲ್ಲ. ಮೂರನೆಯದಾಗಿ, ಇಂದು ಮನೆಗೆ ಹೋದ ಕೂಡಲೇ ನಿಮ್ಮ ಮಾಡವನ್ನೊಮ್ಮೆ ನೋಡಿರಿ. ಅಲ್ಲಿ ಬೇರೆಯವರ ಹೆಸರಿನ ಬಟ್ಟಲೊಂದು ಕುಳಿತಿದ್ದರೆ, ಹಬ್ಬವನ್ನು ಕಾಯಬೇಡಿ. ಇಂದು ರಾತ್ರಿ ಏನು ಬೆಂದಿದೆಯೋ ಅದನ್ನೇ ತುಂಬಿ ಕಳುಹಿರಿ.

ಒಳಗೆ ಪಂಕ್ತಿ ಹಾಕಿದ್ದಾರೆಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ. ಏಳೋಣ.